ಲಾಕ್‌ಡೌನ್ ಕಾಲದ ‘ಗೇಮ್‌ಬಾಯ್ಸ್’: ಮೆಚ್ಚಿದ್ದು, ಮೆಚ್ಚದ್ದು

ಪ್ರೀತಿಸುವ ಇಬ್ಬರು ಹೆಚ್ಚುಕಡಿಮೆ ಇಡೀ ಕಥೆಯಲ್ಲಿ ಒಂದೇ ಕೋಣೆಯಲ್ಲಿ ಕೂರುವುದೇ ಇಲ್ಲ. ಒಬ್ಬನ ಮುಖ ಇನ್ನೊಬ್ಬನಿಗೆ ಕಾಣುವುದು ಲ್ಯಾಪ್‌ಟಾಪ್ ಅಥವಾ ಮೊಬೈಲ್ ಪರದೆಯಲ್ಲಿ. ಇಂಥ ಕಥೆಯನ್ನು 13 ಕಂತುಗಳವರೆಗೆ ಬೇಸರವಾಗದಂತೆ ಎಳೆದೊಯ್ಯುವುದು ಸುಲಭವಲ್ಲ. ಫಿಲಿಪ್ಪೀನ್ಸ್‌ನ ‘ಗೇಮ್‌ಬಾಯ್ಸ್’ ವೆಬ್ ಸರಣಿ ಅದನ್ನು ಮಾಡಿ ತೋರಿಸಿದೆ. ಹಾಗಂತ ಅದರ ಬಗ್ಗೆ ನನಗೆ ತಕರಾರಿಲ್ಲ ಅಂತಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ಹುಡುಗರಿಬ್ಬರ ಪ್ರೇಮಕಥೆಗಳಿಗೆ ಬಾಯ್ಸ್ ಲವ್, ಚಿಕ್ಕದಾಗಿ ಬಿಎಲ್ ಅನ್ನುತ್ತಾರೆ. ಜಪಾನಿನ ಕಾಮಿಕ್ಸ್ ಪುಸ್ತಕಗಳಲ್ಲಿ ಬೆಳೆದ ಈ ಪ್ರಕಾರ ಥಾಯ್ಲೆಂಡಿನ ಟಿವಿಗೆ ಬಂತು. 2020ರಲ್ಲಿ ಅಲ್ಲಿನ ‘2ಗೆದರ್’ ಧಾರಾವಾಹಿಯ ಹುಚ್ಚು ಫಿಲಿಪ್ಪೀನ್ಸ್‌ಗೂ ಹತ್ತಿತು. ಅದೇ ವರ್ಷ ಮೇ 22ರಂದು ‘ಗೇಮ್‌ಬಾಯ್ಸ್’ ಯೂಟ್ಯೂಬ್‌ನಲ್ಲಿ ಶುರುವಾಯಿತು. ನಿರ್ಮಾಣ ಐಡಿಯಾಫಸ್ಟ್ ಕಂಪನಿಯದು. ಅದನ್ನು ಕಟ್ಟಿದ ಪರ್ಸಿ ಇಂತಲಾನ್ ಮತ್ತು ಜುನ್ ರೋಬ್ಲೆಸ್ ಲಾನಾ ನಿಜಜೀವನದಲ್ಲೂ ದಂಪತಿ. ನಿರ್ದೇಶನ ಐವನ್ ಆಂಡ್ರ್ಯೂ ಪಾಯವಾಲ್ ಅವರದು.

ಪತ್ರಿಕೋದ್ಯಮ ಓದಿದ ನಮ್ಮಂಥವರು ಮರೆಯಬಾರದ ಇನ್ನೊಂದು ಸಂಗತಿ ಇದೆ. ಸರಣಿ ಶುರುವಾಗುವ ಎರಡೂವರೆ ವಾರ ಮುಂಚೆ, ಮೇ 5ರಂದು, ಆ ದೇಶದ ಅತಿದೊಡ್ಡ ಟಿವಿ ಜಾಲ ಎಬಿಎಸ್-ಸಿಬಿಎನ್ ಪ್ರಸಾರ ನಿಲ್ಲಿಸಬೇಕಾಯಿತು. ಪರವಾನಗಿ ನವೀಕರಣವಾಗಿರಲಿಲ್ಲ. ಸುದ್ದಿಗೂ ಮನರಂಜನೆಗೂ ಅದನ್ನೇ ನೆಚ್ಚಿಕೊಂಡಿದ್ದ ದೂರದ ಹಳ್ಳಿಗಳ ಟಿವಿ ಖಾಲಿಯಾದಾಗಲೇ ನಗರದ ಹುಡುಗ ಹುಡುಗಿಯರು ಯೂಟ್ಯೂಬ್‌ನಲ್ಲಿ ಹೊಸ ಕಥೆ ಕಂಡುಕೊಳ್ಳುತ್ತಿದ್ದರು.

ಕೈರೋ ಆನ್‌ಲೈನ್ ಗೇಮ್ ಆಡುತ್ತಾ ಲೈವ್ ಬಿಡುವ ಹುಡುಗ. ಒಂದು ದಿನ ಲೈವ್‌ನಲ್ಲೇ ಅವನನ್ನು ಗೇವ್ರಿಯಲ್ ಅನ್ನುವವನು ಸೋಲಿಸುತ್ತಾನೆ. ಮತ್ತೊಂದು ಆಟ ಬೇಕು ಅಂತ ಇವನ ಹಟ, ಮೊದಲು ನನ್ನ ಜೊತೆ ಮಾತಾಡು ಅಂತ ಅವನ ಹಟ. ಆಗ ಮನಿಲಾದಲ್ಲಿ 21ರೊಳಗಿನವರು ಮನೆಯಿಂದ ಹೊರಗೆ ಕಾಲಿಡುವಂತಿರಲಿಲ್ಲ. ನಟರು ಕೂಡ ತಮ್ಮ ತಮ್ಮ ಮನೆಯಲ್ಲೇ ಕೂತು ಚಿತ್ರೀಕರಣ ಮಾಡಿಕೊಂಡರು, ನಿರ್ದೇಶಕರು ದೂರದಿಂದಲೇ ಹೇಳಿಕೊಟ್ಟರು. ಈ ಅನಿವಾರ್ಯವೇ ಸರಣಿಯ ಭಾಷೆಯಾಯಿತು. ಹೇಳಲಾಗದ್ದನ್ನು ಟೈಪ್ ಮಾಡಿ ಅಳಿಸುವುದು, ಮಾತು ಕಷ್ಟವಾದಾಗ ಕ್ಯಾಮೆರಾ ಮುಚ್ಚುವುದು, ನೋಡಿಯೂ ಉತ್ತರಿಸದೆ ಬಿಟ್ಟ ಮೆಸೇಜು, ಇವೆಲ್ಲ ಇಲ್ಲಿ ಸಂಭಾಷಣೆಯಷ್ಟೇ ಮಾತಾಡುತ್ತವೆ. ದೊಡ್ಡ ಬಜೆಟ್ಟಿನ ಸಿನಿಮಾದ ಹಾಡಿಗೆ ಬರುವಷ್ಟು ಬೆಲೆ ಇಲ್ಲಿ ಒಂದು ನಿಟ್ಟುಸಿರಿಗೆ ಬರುತ್ತದೆ.

ಇದಕ್ಕಿಂತ ದೊಡ್ಡ ಶಕ್ತಿ ಕೈರೋನ ಮನೆ. ಅವನ ಅಪ್ಪ ಕೋವಿಡ್ ತಗುಲಿ ಆಸ್ಪತ್ರೆಯಲ್ಲಿದ್ದಾನೆ. ಅದಕ್ಕೆ ತಾನೇ ಕಾರಣ ಎಂಬ ಕೊರಗು ಹುಡುಗನನ್ನು ತಿನ್ನುತ್ತಿದೆ. ಆ ಕೊರಗಿನ ಬೇರು ತಾನು ಗೇ ಎಂಬ ಗುಟ್ಟಿನಲ್ಲೇ ಇದೆ. ಅಪ್ಪ ತೀರಿಕೊಂಡಾಗ ಹತ್ತಿರ ಹೋಗುವಂತಿಲ್ಲ, ಗೇವ್ರಿಯಲ್ ಬಂದು ಹೆಗಲು ಕೊಡುವಂತಿಲ್ಲ. ಎಲೈಜಾ ಕನ್ಲಾಸ್ ಆ ಭಾಗದಲ್ಲಿ ಅತ್ತಿದ್ದು ನಟನೆ ಅನಿಸಲಿಲ್ಲ. ಆ ವರ್ಷಗಳಲ್ಲಿ ತಮ್ಮವರ ಮುಖವನ್ನು ಫೋನಿನಲ್ಲಷ್ಟೇ ನೋಡಿ ಕಳಿಸಿಕೊಟ್ಟವರು ನಮ್ಮ ಊರುಗಳಲ್ಲೂ ಇದ್ದಾರೆ. ಅವರಿಗೆ ಸಬ್‌ಟೈಟಲ್ ಬೇಕಾಗುವುದಿಲ್ಲ.

ಇನ್ನು ತಕರಾರು. ಗೇವ್ರಿಯಲ್ ಪಾತ್ರದಲ್ಲಿ ಕೊಕೊಯ್ ದೆ ಸಾಂತೋಸ್ ಮುದ್ದಾಗಿದ್ದಾನೆ, ಒಪ್ಪೋಣ. ಆದರೆ ಬೇಡ ಅಂದವನ ಬೆನ್ನು ಬಿಡದೆ ಬೀಳುವುದು ಪ್ರೀತಿಯೇ? ಇದೇ ಕೆಲಸವನ್ನು ನಮ್ಮ ಸಿನಿಮಾ ಹೀರೋ ಹುಡುಗಿಯ ಹಿಂದೆ ಮಾಡಿದರೆ ನಾವು ಸಿಟ್ಟಾಗುತ್ತೇವೆ. ಇಲ್ಲಿ ಇಬ್ಬರೂ ಹುಡುಗರು, ಒಬ್ಬನ ನಗು ಚೆನ್ನಾಗಿದೆ ಅಂತ ರಿಯಾಯಿತಿ ಕೊಡಬೇಕಾಗಿಲ್ಲ. ಗೇವ್ರಿಯಲ್‌ನ ಮಾಜಿ ಗೆಳೆಯ ಟೆರೆನ್ಸ್ ಬಂದ ಮೇಲಂತೂ ಕಥೆ ಹೊಟ್ಟೆಕಿಚ್ಚಿನ ಹಳೆ ಧಾರಾವಾಹಿಯ ಜಾಡು ಹಿಡಿಯುತ್ತದೆ. ಪರ್ಲ್ ಎಂಬ ಚೂಟಿ ಹುಡುಗಿಗೆ ಇವರಿಬ್ಬರನ್ನು ಸೇರಿಸುವುದೇ ಮುಖ್ಯ ಕೆಲಸ. ಅವಳದೇ ಕಥೆ ಬೇಕಾದರೆ ‘ಪರ್ಲ್ ನೆಕ್ಸ್ಟ್ ಡೋರ್’ ಎಂಬ ಇನ್ನೊಂದು ಸರಣಿ ನೋಡಬೇಕು.

ನನ್ನನ್ನು ಹೆಚ್ಚು ಕಾಡಿದ್ದು ಬೇರೆ. ಇಬ್ಬರಿಗೂ ಬಾಗಿಲು ಹಾಕಿಕೊಳ್ಳಲು ಸ್ವಂತ ಕೋಣೆ ಇದೆ, ಒಳ್ಳೆಯ ಕಂಪ್ಯೂಟರ್ ಇದೆ, ತಾಸುಗಟ್ಟಲೆ ವಿಡಿಯೋ ಕಾಲ್ ಎಳೆಯುವ ಇಂಟರ್ನೆಟ್ ಇದೆ. ಅದೇ ವರ್ಷ ಅಕ್ಟೋಬರ್ 5ರಂದು ಫಿಲಿಪ್ಪೀನ್ಸ್‌ನ ಸರ್ಕಾರಿ ಶಾಲೆಗಳು ಶುರುವಾದಾಗ ಎಷ್ಟೋ ಮಕ್ಕಳ ಮನೆಗೆ ಹೋಗಿದ್ದು ಅಚ್ಚು ಹಾಕಿದ ಪಾಠದ ಕಟ್ಟುಗಳು. ನೆಟ್ ಇಲ್ಲದವರಿಗೆ ಅದೇ ಗತಿ. ಒಂದೇ ಕೋಣೆಯಲ್ಲಿ ಆರು ಜನ ಮಲಗುವ ಮನೆಯ ಗೇ ಹುಡುಗ ಲಾಕ್‌ಡೌನ್‌ನಲ್ಲಿ ಯಾರಿಗೆ ಪಿಸುಗುಟ್ಟಿದ? ತಂಗಿಯ ಕಿವಿಗೆ ಬೀಳದಂತೆ ಅವನು ಫೋನ್ ಎಲ್ಲಿಗೆ ಒಯ್ದ? ಪರದೆಯನ್ನೇ ನಂಬಿದ ಸರಣಿ ಪರದೆ ಇಲ್ಲದವನ ಬಗ್ಗೆ ಒಂದು ದೃಶ್ಯವಾದರೂ ಇಡಬಹುದಿತ್ತು.

ದೇಶದ ಕಾನೂನೂ ಹೊರಗೇ ನಿಂತಿದೆ. ಲಿಂಗ, ಲೈಂಗಿಕತೆಯ ಆಧಾರದ ತಾರತಮ್ಯವನ್ನು ತಡೆಯುವ ಸೋಜಿ ಮಸೂದೆ ಅಲ್ಲಿ ಮೊದಲು ಮಂಡನೆಯಾದದ್ದು 2000ದಲ್ಲಿ. ಸರಣಿ ಬಂದಾಗ ಇಪ್ಪತ್ತು ವರ್ಷ ಕಳೆದಿದ್ದರೂ ಅದು ಕಾನೂನಾಗಿರಲಿಲ್ಲ. ಪ್ರೇಮಕಥೆ ಭಾಷಣ ಮಾಡಲಿ ಅಂತ ನಾನು ಹೇಳುತ್ತಿಲ್ಲ. ಕೈರೋ ಮನೆಯವರಿಗೆ ಹೆದರುವಷ್ಟೇ ಕಾಲೇಜಿಗೆ, ಚರ್ಚಿಗೆ, ಮುಂದೆ ಸಿಗುವ ಕೆಲಸಕ್ಕೂ ಹೆದರಿದ್ದರೆ ಆ ಹೆದರಿಕೆ ಇನ್ನೂ ನಿಜ ಅನಿಸುತ್ತಿತ್ತು.

2021ರಲ್ಲಿ ಇದರದೇ ಸಿನಿಮಾ ಬಂತು. ಅದರಲ್ಲಿ ಇಬ್ಬರೂ ಒಂದೇ ಸೂರಿನಡಿ ಇದ್ದಾರೆ, ಮುಟ್ಟಬಹುದು, ಜಗಳವಾಡಬಹುದು. ವಿಚಿತ್ರ ನೋಡಿ, ನನಗೆ ಅಲ್ಲೇ ಅವರು ಹೆಚ್ಚು ದೂರ ಅನಿಸಿದರು. ನೋಡುವುದಾದರೆ ಮೊದಲು ಸರಣಿಯನ್ನೇ ನೋಡಿ, ಇಯರ್‌ಫೋನ್ ಹಾಕಿಕೊಂಡು. ಸಿನಿಮಾಕ್ಕೆ ಅವಸರವಿಲ್ಲ.