ಅದಿರಿನ ಲೆಕ್ಕ ಸಿಕ್ಕಿತು, ಮಣ್ಣಿನದು ಬಾಕಿ

2011ರ ಜುಲೈ 27ರಂದು ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರು ಅಕ್ರಮ ಗಣಿಗಾರಿಕೆ ಕುರಿತ ಎರಡನೆಯ ವರದಿಯನ್ನು ಸರ್ಕಾರಕ್ಕೆ ಒಪ್ಪಿಸಿದರು. ಎರಡು ದಿನ ಕಳೆದು, 29ರಂದು, ಬಳ್ಳಾರಿ ಜಿಲ್ಲೆಯಲ್ಲಿ ಕಬ್ಬಿಣದ ಅದಿರು ತೆಗೆಯುವುದನ್ನೂ ಸಾಗಿಸುವುದನ್ನೂ ಸುಪ್ರೀಂ ಕೋರ್ಟ್ ನಿಲ್ಲಿಸಿತು. 31ರಂದು ಮುಖ್ಯಮಂತ್ರಿ ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಆಗಸ್ಟ್ 26ರಂದು ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೂ ನಿಷೇಧ ವಿಸ್ತರಿಸಿತು. ಒಂದು ತಿಂಗಳೊಳಗೆ ಮೂರು ಜಿಲ್ಲೆಗಳ ಗುಡ್ಡಗಳಲ್ಲಿ ಯಂತ್ರಗಳ ಸದ್ದು ಬಹುತೇಕ ಅಡಗಿತು. ಭಾರತದಲ್ಲಿ ಪರಿಸರದ ಹೆಸರಿನಲ್ಲಿ ನ್ಯಾಯಾಲಯವೊಂದು ಇಷ್ಟು ದೊಡ್ಡ ಉದ್ಯಮವನ್ನು ಒಮ್ಮೆಗೇ ತಡೆದು ನಿಲ್ಲಿಸಿದ ನಿದರ್ಶನಗಳು ವಿರಳ.

ಆ ದಿನಗಳು ಕಳೆದು ಒಂದೂವರೆ ದಶಕವಾಗುತ್ತ ಬಂತು. ಯಾರು ಎಷ್ಟು ಕದ್ದರು ಎಂಬುದು ಇಂದು ನಮಗೆ ಸಾಕಷ್ಟು ಗೊತ್ತಿದೆ. ಲೋಕಾಯುಕ್ತ ವರದಿಯ ಪ್ರಕಾರ 2006ರಿಂದ 2010ರವರೆಗೆ ಅಕ್ರಮವಾಗಿ ರಫ್ತಾದ ಅದಿರು 2.98 ಕೋಟಿ ಟನ್, ಅದರ ಬೆಲೆ 12,228 ಕೋಟಿ ರೂಪಾಯಿ. ಆದರೆ ಸಂಡೂರಿನ ಗುಡ್ಡದ ತಪ್ಪಲಿನ ರೈತನ ಹೊಲದ ಮೇಲೆ ಎಷ್ಟು ಧೂಳು ಕೂತಿತು, ನಾರಿಹಳ್ಳಕ್ಕೆ ಎಷ್ಟು ಹೂಳು ಇಳಿಯಿತು, ಎಷ್ಟು ಕೂಲಿಗಳ ಶ್ವಾಸಕೋಶ ಸವೆಯಿತು ಎಂಬುದನ್ನು ಅಷ್ಟೇ ನಿಷ್ಠೆಯಿಂದ ಯಾರೂ ಬರೆದಿಡಲಿಲ್ಲ. ಬಳ್ಳಾರಿಯನ್ನು ನಾವು ಕಳ್ಳತನದ ಪ್ರಕರಣವಾಗಿ ನೋಡಿದೆವು. ಅದು ಮಾಲಿನ್ಯದ ಪ್ರಕರಣವೂ ಆಗಿತ್ತು, ಈಗಲೂ ಆಗಿದೆ.

ಇದರ ಬೇರು 2003ರಲ್ಲಿದೆ. ಸರ್ಕಾರಿ ಸಂಸ್ಥೆಗಳಿಗೆಂದು ಕಾದಿರಿಸಿದ್ದ 11,620 ಚದರ ಕಿಲೋಮೀಟರ್ ಖನಿಜ ಪ್ರದೇಶವನ್ನು ಆ ವರ್ಷದ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಖಾಸಗಿಯವರಿಗೆ ತೆರೆದಿಟ್ಟಿತು. ಹೊಸ ಉದ್ಯಮ, ಹೊಸ ಉದ್ಯೋಗ ಎಂಬ ಕಾರಣಗಳನ್ನು ಮುಂದಿಟ್ಟಿತ್ತು. ಅದೇ ಹೊತ್ತಿಗೆ ಒಲಿಂಪಿಕ್ಸ್‌ಗೆ ಸಜ್ಜಾಗುತ್ತಿದ್ದ ಚೀನಾ ಜಗತ್ತಿನ ಕಬ್ಬಿಣವನ್ನೆಲ್ಲ ಬಾಚಿಕೊಳ್ಳುತ್ತಿತ್ತು. ಹಿಂದೆ ಕೊಳ್ಳುವವರೇ ಇಲ್ಲದೆ ಗುಡ್ಡದ ಬದಿಗೆ ಸುರಿದಿದ್ದ ಪುಡಿ ಅದಿರಿಗೂ ಬೆಲೆ ಬಂತು. ಹೊರದೇಶದಲ್ಲಿ ಟನ್ನಿಗೆ ಸಾವಿರಾರು ರೂಪಾಯಿ ಬಾಳುತ್ತಿದ್ದ ಅದಿರಿಗೆ ಸರ್ಕಾರ ಪಡೆಯುತ್ತಿದ್ದ ರಾಜಧನ ಅತ್ಯುತ್ತಮ ದರ್ಜೆಗೂ 27 ರೂಪಾಯಿ ಮೀರುತ್ತಿರಲಿಲ್ಲ. ಬೆಲೆಗೆ ತಕ್ಕಂತೆ ಶೇ 10ರ ರಾಜಧನ ಜಾರಿಗೆ ಬಂದದ್ದು 2009ರಲ್ಲಿ. ಅಷ್ಟರಲ್ಲಿ ಆಗಬೇಕಾದ ಅನಾಹುತ ಆಗಿಹೋಗಿತ್ತು. ಇಷ್ಟು ಅಗ್ಗವಾಗಿ ಸಿಗುವ ಸಂಪತ್ತನ್ನು ನಿಧಾನವಾಗಿ, ಎಚ್ಚರದಿಂದ ತೆಗೆಯಲು ಯಾರಿಗೂ ಕಾರಣವೇ ಇರಲಿಲ್ಲ. ದುರಾಸೆಯನ್ನು ದೂರುವ ಮುನ್ನ ಆ ದರಪಟ್ಟಿಯನ್ನು ನೋಡಬೇಕು. ದುರಾಸೆಗೆ ದಾರಿ ಮಾಡಿಕೊಟ್ಟದ್ದು ಸರ್ಕಾರದ ಸಹಿ.

ಗುಡ್ಡವಷ್ಟೇ ಅಲ್ಲ, ಹೊಲವೂ ಗಣಿಯಾಯಿತು. ಹೊಸಪೇಟೆ, ಸಂಡೂರು ಸುತ್ತಿನ ಪಟ್ಟಾ ಭೂಮಿಯಲ್ಲಿ ಮೇಲ್ಪದರದಲ್ಲೇ ಅದಿರು ಸಿಗುತ್ತಿತ್ತು. ಜೋಳ, ಶೇಂಗಾ ಬೆಳೆಯುತ್ತಿದ್ದ ರೈತ ಒಂದೆರಡು ವರ್ಷದ ದುಡ್ಡಿಗೆ ಹೊಲವನ್ನು ಅಗೆಯಲು ಬಿಟ್ಟುಕೊಟ್ಟ. ಹಣ ಕರಗಿದ ಮೇಲೆ ಉಳಿದದ್ದು ಕುಣಿ. ಮಳೆಯನ್ನೇ ನಂಬಿ ಪ್ರತಿ ವರ್ಷ ಸಾಲದಲ್ಲಿ ಮುಳುಗುತ್ತಿದ್ದವರ ಮುಂದೆ ಕಂತೆ ಕಂತೆ ನೋಟು ಹಿಡಿದು ನಿಂತಾಗ ಅವರು ಬೇಡವೆನ್ನಬೇಕಿತ್ತು ಎಂದು ಊರ ಹೊರಗೆ ಕೂತು ಹೇಳುವುದು ಸುಲಭ.

ಧೂಳು ಮಾಡುವ ಕೆಲಸವನ್ನು ತುಸು ಬಿಡಿಸಿ ನೋಡಬೇಕು, ಏಕೆಂದರೆ ಅದನ್ನು ಕೇವಲ ಕಿರಿಕಿರಿ ಎಂದುಕೊಂಡವರೇ ಹೆಚ್ಚು. ಮಿತಿಮೀರಿ ತುಂಬಿದ ಲಾರಿಯಿಂದ ಉದುರಿದ ಅದಿರನ್ನು ಹಿಂದೆ ಬರುವ ನೂರಾರು ಲಾರಿಗಳ ಗಾಲಿಗಳು ಅರೆದು ನುಣ್ಣಗಿನ ಹುಡಿ ಮಾಡುತ್ತವೆ. ಗಾಳಿಗೆದ್ದ ಆ ಕೆಂಪು ಹುಡಿ ಎಲೆಯ ಮೇಲೆ ಪದರವಾಗಿ ಕೂರುತ್ತದೆ. ಬೆಳಕು ತಾಗದ, ಉಸಿರಾಡುವ ರಂಧ್ರಗಳು ಮುಚ್ಚಿದ ಎಲೆ ಸೊರಗುತ್ತದೆ, ಹೂ ಕಟ್ಟುವುದಿಲ್ಲ. ಹತ್ತಿ ಬಿಡಿಸುವ ಹೊತ್ತಿಗೆ ಅರಳೆಯೇ ಕೆಂಪಾಗಿರುತ್ತದೆ, ಮಾರುಕಟ್ಟೆಯಲ್ಲಿ ದರ ಬೀಳುತ್ತದೆ. ದನಗಳು ತಿನ್ನುವ ಮೇವಿನಲ್ಲೂ ಅದೇ ಧೂಳು. ಮಳೆ ಬಂದರೆ ತೊಳೆದುಹೋಗುತ್ತದೆ ಎಂದುಕೊಂಡರೆ, ಅದು ನೆಲಕ್ಕಿಳಿದು ಗಟ್ಟಿ ಪೊರೆ ಕಟ್ಟಿ ನೀರು ಇಂಗದಂತೆ ಮಾಡುತ್ತದೆ.

ಗುಡ್ಡದ ಮೇಲಿನ ಕತೆ ಇದಕ್ಕಿಂತ ದೊಡ್ಡದು. ಸಂಡೂರಿನ ಕುಮಾರಸ್ವಾಮಿ, ರಾಮನಮಲೆ, ದೋಣಿಮಲೆ ಸಾಲುಗಳು ಬಯಲುಸೀಮೆಯ ನಡುವೆ ಎದ್ದ ಹಸಿರು. ಮುಂಗಾರಿನ ಮೋಡ ತಡೆದು, ಮಳೆನೀರನ್ನು ಹೀರಿಕೊಂಡು ಬೇಸಿಗೆಯವರೆಗೆ ತೊಟ್ಟಿಕ್ಕಿಸುತ್ತಿದ್ದ ಕಾಡು ಅದು. ಅದಿರಿಗಾಗಿ ಮೊದಲು ಮರ ಹೋಯಿತು, ಆಮೇಲೆ ಮೇಲ್ಮಣ್ಣು. ಬೇಡದ ಮಣ್ಣನ್ನು, ಗಣಿಯವರ ಮಾತಿನಲ್ಲಿ ಡಂಪ್ ಅನ್ನು, ಇಳಿಜಾರಿನಲ್ಲೇ ಸುರಿದರು. ಪ್ರತಿ ಮಳೆಗಾಲವೂ ಅದನ್ನು ಹಳ್ಳಗಳಿಗೆ ಇಳಿಸಿತು. ನೀರು ತಡೆದು ನಿಲ್ಲಿಸಬೇಕಿದ್ದ ಚೆಕ್ ಡ್ಯಾಂಗಳು ಹೂಳು ತುಂಬಿದ ತೊಟ್ಟಿಗಳಾದವು. ಕರ್ನಾಟಕ–ಆಂಧ್ರ ಗಡಿಯ ಸುಗ್ಗಲಮ್ಮ ದೇವಿಯ ಹಳೆಯ ಗುಡಿಯೂ 2006ರಲ್ಲಿ ಗಣಿಗಾರಿಕೆಯ ಅಬ್ಬರದಲ್ಲಿ ನೆಲಸಮವಾಯಿತು. ಇನ್ನು ಕುಣಿಗಳಲ್ಲಿ ಅದಿರು ಒಡೆದು ಹೆಕ್ಕುತ್ತಿದ್ದವರಲ್ಲಿ ಗುಳೆ ಬಂದ ಬಡವರಿದ್ದರು, ಅವರ ಮಕ್ಕಳಿದ್ದರು. ಆ ಮಕ್ಕಳು ಈಗ ದೊಡ್ಡವರಾಗಿದ್ದಾರೆ. ಎಲ್ಲಿದ್ದಾರೆ, ಹೇಗೆ ಉಸಿರಾಡುತ್ತಿದ್ದಾರೆ ಎಂದು ಯಾವ ಸರ್ಕಾರವೂ ಹುಡುಕಿಕೊಂಡು ಹೋಗಿಲ್ಲ.

ಪರಿಣಾಮ ಬಳ್ಳಾರಿಗಷ್ಟೇ ಸೀಮಿತವಾಗಲಿಲ್ಲ. ಅಂಕೋಲಾದತ್ತ ಹರಿದ ಲಾರಿಗಳು ಉತ್ತರ ಕನ್ನಡದ ಘಟ್ಟದ ರಸ್ತೆಗಳನ್ನು ನುಚ್ಚುನೂರು ಮಾಡಿದವು. 2010ರಲ್ಲಿ ಅಲ್ಲಿನ ಬೇಲೇಕೇರಿ ಬಂದರಿನಲ್ಲಿ ಅರಣ್ಯ ಇಲಾಖೆ ಸುಮಾರು 8 ಲಕ್ಷ ಟನ್ ಅದಿರನ್ನು ಮುಟ್ಟುಗೋಲು ಹಾಕಿಕೊಂಡಿತು. ಅದರಲ್ಲಿ ದೊಡ್ಡ ಪಾಲು ಬಂದರಿನಿಂದಲೇ ಕಾಣೆಯಾಗಿ ಹಡಗೇರಿತು. ಆ ಪ್ರಕರಣದಲ್ಲಿ ವಿಶೇಷ ನ್ಯಾಯಾಲಯ ಶಿಕ್ಷೆ ವಿಧಿಸಿದ್ದು 2024ರ ಅಕ್ಟೋಬರ್‌ನಲ್ಲಿ, ಹದಿನಾಲ್ಕು ವರ್ಷಗಳ ನಂತರ.

ನ್ಯಾಯಾಲಯದ ಹಾದಿಯಲ್ಲಿ ಸಿಕ್ಕಿದ್ದನ್ನು ಕಡಿಮೆ ಮಾಡಿ ಹೇಳಬಾರದು. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಮತ್ತು ಅದರ ಎಸ್.ಆರ್. ಹಿರೇಮಠ ಹಿಡಿದ ಹಟ, ಯು.ವಿ. ಸಿಂಗ್ ಅವರಂಥ ಅರಣ್ಯಾಧಿಕಾರಿಗಳು ಕಡತಗಳ ನಡುವೆ ನಡೆಸಿದ ತನಿಖೆ ಇಲ್ಲದಿದ್ದರೆ ಇಂದು ನೆನೆಯಲು ಏನೂ ಇರುತ್ತಿರಲಿಲ್ಲ. 2013ರ ಏಪ್ರಿಲ್ 18ರ ಸುಪ್ರೀಂ ಕೋರ್ಟ್ ತೀರ್ಪು 166 ಗುತ್ತಿಗೆಗಳ ಎ, ಬಿ, ಸಿ ವಿಂಗಡಣೆಯನ್ನು ಒಪ್ಪಿ ಸಿ ವರ್ಗದ ಗುತ್ತಿಗೆಗಳನ್ನು ರದ್ದುಮಾಡಿತು. ಮೂರೂ ಜಿಲ್ಲೆಗಳು ಸೇರಿ ವರ್ಷಕ್ಕೆ 3 ಕೋಟಿ ಟನ್ ಮೀರಬಾರದು ಎಂದು ಮಿತಿ ಹಾಕಿತು. ಪ್ರತಿ ಗಣಿಗೂ ಪುನಶ್ಚೇತನ ಯೋಜನೆ ಇರಬೇಕೆಂದಿತು, ಮಾರಾಟವನ್ನು ಇ–ಹರಾಜಿನಲ್ಲೇ ಮುಂದುವರಿಸಿತು. ಗುಡ್ಡದ ಮೇಲೆ ಇಷ್ಟಾದರೂ ಶಿಸ್ತು ಕಾಣುತ್ತಿದ್ದರೆ ಅದಕ್ಕೆ ಇದೇ ಕಾರಣ.

ಆದರೆ ವಿಂಗಡಣೆಯ ಅಳತೆಗೋಲು ಯಾವುದಾಗಿತ್ತು? ಗುತ್ತಿಗೆಯ ಗಡಿಯಾಚೆ ಎಷ್ಟು ಒತ್ತುವರಿಯಾಗಿದೆ ಎಂಬುದು. ಹೊರಗಿನ ಕುಣಿ ಗುತ್ತಿಗೆ ಪ್ರದೇಶದ ಶೇ 10ರೊಳಗೆ, ಡಂಪ್ ಶೇ 15ರೊಳಗೆ ಇದ್ದರೆ ಬಿ. ಅದನ್ನು ಮೀರಿದರೆ ಸಿ. ಗಡಿ ದಾಟದವನು, ದಾಟಿದರೂ ತೀರಾ ಅಲ್ಪ ದಾಟಿದವನು ಎ. ಕಳ್ಳತನ ಅಳೆಯಲು ಇದು ಸರಿಯಾದ ಅಳತೆ. ಆದರೆ ಗಡಿಯೊಳಗೇ ನಿಂತು ತೆಗೆದವನ ಗಣಿಯ ಧೂಳು ಗಡಿಯೊಳಗೆ ನಿಲ್ಲುವುದಿಲ್ಲ, ಅವನ ಡಂಪಿನ ಕೆಸರು ಪರವಾನಗಿ ನೋಡಿ ಹರಿಯುವುದಿಲ್ಲ. ಸಕ್ರಮ ಗಣಿಗಾರಿಕೆ ಎಂದರೆ ನಿರಪಾಯ ಗಣಿಗಾರಿಕೆ ಎಂಬ ಭಾವನೆ ಆಡಳಿತದಲ್ಲಿ ಬೇರೂರಿದ್ದು ಇಲ್ಲಿಂದ. ರಾಜಕೀಯ ಪಕ್ಷಗಳಿಗೂ ಅದು ಅನುಕೂಲವಾಯಿತು. 2010ರಲ್ಲಿ ಗಣಿ ಅಕ್ರಮದ ವಿರುದ್ಧ ಬೆಂಗಳೂರಿನಿಂದ ಬಳ್ಳಾರಿಗೆ ಪಾದಯಾತ್ರೆ ನಡೆಯಿತು, ಆಮೇಲೆ ಸರ್ಕಾರಗಳು ಬದಲಾದವು. ಅಕ್ರಮದ ವಿರುದ್ಧ ಎದ್ದ ದನಿ ಧೂಳಿನ ವಿರುದ್ಧ ಏಳಲಿಲ್ಲ.

ಹಣವಿರಲಿಲ್ಲ ಎನ್ನುವಂತಿಲ್ಲ. ಹಾಳಾದ ನೆಲದ ಪುನಶ್ಚೇತನಕ್ಕೆಂದೇ ಗಣಿ ಕಂಪನಿಗಳಿಂದ ದಂಡ ಮತ್ತು ಮಾರಾಟದ ಪಾಲು ಸಂಗ್ರಹಿಸಲು ಸುಪ್ರೀಂ ಕೋರ್ಟ್ ಆದೇಶಿಸಿತು. ಅದನ್ನು ಬಳಸಲು 2014ರಲ್ಲಿ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ರಚನೆಯಾಯಿತು. ಹಣ ಸಾವಿರಾರು ಕೋಟಿಯಾಗಿ ಬೆಳೆಯಿತು, ಯೋಜನೆ ಕಾಗದದಲ್ಲೇ ಉಳಿಯಿತು. ಸುಮಾರು 25 ಸಾವಿರ ಕೋಟಿ ರೂಪಾಯಿಯ ಸಮಗ್ರ ಯೋಜನೆಗೆ ಒಪ್ಪಿಗೆ ಸಿಕ್ಕು, ನ್ಯಾಯಮೂರ್ತಿ ಸುದರ್ಶನ ರೆಡ್ಡಿ ಅವರ ನೇತೃತ್ವದಲ್ಲಿ ಮೇಲ್ವಿಚಾರಣಾ ಪ್ರಾಧಿಕಾರ ನೇಮಕವಾದದ್ದು 2022ರಲ್ಲಿ. ನಿಷೇಧದಿಂದ ಯೋಜನೆಗೆ ಹನ್ನೊಂದು ವರ್ಷ. ಅಷ್ಟರಲ್ಲಿ ತಪ್ಪಲಿನ ಹಳ್ಳಿಯ ಒಂದು ಮಗು ಹುಟ್ಟಿ ಪ್ರಾಥಮಿಕ ಶಾಲೆಯ ಕೊನೆಗೆ ಬಂದಿತ್ತು.

ಅದೇ 2022ರ ಮೇ ತಿಂಗಳಲ್ಲಿ ರಫ್ತಿನ ಮೇಲಿನ ತಡೆ ತೆರವಾಯಿತು. ಆಗಸ್ಟ್‌ನಲ್ಲಿ ಉತ್ಪಾದನಾ ಮಿತಿ ಬಳ್ಳಾರಿಗೆ 3.5 ಕೋಟಿ ಟನ್, ಚಿತ್ರದುರ್ಗ–ತುಮಕೂರಿಗೆ 1.5 ಕೋಟಿ ಟನ್‌ಗೆ ಏರಿತು. ಒಟ್ಟು 5 ಕೋಟಿ ಟನ್ ಎಂದರೆ ಆ ಅಬ್ಬರದ ವರ್ಷಗಳ ಮಟ್ಟಕ್ಕೆ ಹತ್ತಿರದ ಮಾತು. ನೆಲ ಸುಧಾರಿಸಿದೆಯೇ ಎಂದು ಹಳ್ಳಿಯಲ್ಲಿ ನಿಂತು ಕೇಳುವ ಮೊದಲೇ ಇನ್ನಷ್ಟು ತೆಗೆಯಲು ಅನುಮತಿ ಸಿಕ್ಕಿತು. ಈ ಕ್ರಮ ತಲೆಕೆಳಗು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಉಕ್ಕು ಬೇಡ ಎಂದು ಯಾರೂ ಹೇಳುತ್ತಿಲ್ಲ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯನ್ನು ನೆಚ್ಚಿ ಸಾವಿರಾರು ಮನೆಗಳ ಒಲೆ ಉರಿಯುತ್ತಿದೆ. ಆದರೆ ಮಿತಿ ಏರಿಸಲು ಕಬ್ಬಿಣದ ಬೇಡಿಕೆ ಒಂದೇ ಆಧಾರವಾಗಬಾರದು, ಹಳ್ಳದ ನೀರಿನ ಬಣ್ಣವೂ ಆಧಾರವಾಗಬೇಕು.

ದೇವದಾರಿಯ ಪ್ರಸಂಗ ಈ ಮರೆವನ್ನು ಇನ್ನಷ್ಟು ಎತ್ತಿ ತೋರಿಸುತ್ತದೆ. ಭದ್ರೆಯ ಉಗಮದ ಕಾಡಿನಲ್ಲಿ ಹೂಳು ಇಳಿಸುತ್ತಿದ್ದ ಕುದುರೆಮುಖದ ಗಣಿ, 2002ರ ಸುಪ್ರೀಂ ಕೋರ್ಟ್ ತೀರ್ಪಿನಂತೆ 2005ರ ಕೊನೆಗೆ ಮುಚ್ಚಿತು. ಆ ಗಣಿ ನಡೆಸುತ್ತಿದ್ದ ಕೇಂದ್ರ ಸರ್ಕಾರಿ ಸಂಸ್ಥೆಗೇ ಈಗ ಸಂಡೂರಿನ ದೇವದಾರಿಯಲ್ಲಿ 400 ಹೆಕ್ಟೇರಿಗೂ ಮಿಗಿಲಾದ ಅರಣ್ಯ ಬೇಕಾಗಿದೆ. ಕಡಿಯಬೇಕಾದ ಮರಗಳು 99 ಸಾವಿರಕ್ಕೂ ಹೆಚ್ಚು. 2024ರ ಜೂನ್‌ನಲ್ಲಿ ರಾಜ್ಯದ ಅರಣ್ಯ ಸಚಿವರು ಭೂಮಿ ಹಸ್ತಾಂತರಿಸದಂತೆ ಸೂಚಿಸಿದರು. ಒಂದು ಕಾಡು ಕಳೆದುಕೊಂಡ ಗಣಿಗೆ ಪರಿಹಾರವಾಗಿ ಇನ್ನೊಂದು ಕಾಡು ಕೊಡುವುದಾದರೆ, ಕುದುರೆಮುಖದಲ್ಲಿ ದಶಕಗಳ ಕಾಲ ಹೋರಾಡಿ ಗಳಿಸಿದ್ದಾದರೂ ಏನು? ರಾಜ್ಯದ ಸೂಚನೆ ಕೇಂದ್ರದೊಂದಿಗಿನ ಜಟಾಪಟಿಯಾಗಿ ಉಳಿಯದೆ, ಯಾವ ಪಕ್ಷ ಬಂದರೂ ಬದಲಾಗದ ನಿರ್ಧಾರವಾಗಬೇಕು.

ಈಗ ಆಗಬೇಕಾದ ಕೆಲಸ ಏನೆಂಬುದು ಸ್ಪಷ್ಟವಿದೆ. ಪುನಶ್ಚೇತನದ ಹಣದಲ್ಲಿ ರಸ್ತೆ, ಕಟ್ಟಡ ಕಟ್ಟಿದಷ್ಟು ಸುಲಭವಾಗಿ ಹಳ್ಳದ ಹೂಳು ತೆಗೆದು, ಡಂಪುಗಳನ್ನು ಮೆಟ್ಟಿಲಾಗಿ ಕಡಿದು, ಅಲ್ಲಿಯದೇ ಗಿಡ ಬೆಳೆಸಲು ಆಗುವುದಿಲ್ಲ, ಹೌದು. ಗುತ್ತಿಗೆದಾರರಿಗೂ ಅದರಲ್ಲಿ ಆಸಕ್ತಿ ಕಡಿಮೆ. ಆದ್ದರಿಂದಲೇ ಮೊದಲ ಖರ್ಚು ಅಲ್ಲಿಗೇ ಹೋಗಬೇಕು. ಗಣಿಯಲ್ಲಿ ದುಡಿದವರ, ಲಾರಿ ದಾರಿಯ ಬದಿಯಲ್ಲಿ ಬದುಕಿದವರ ಎದೆಯ ತಪಾಸಣೆ ಮನೆ ಮನೆಗೆ ಹೋಗಿ ನಡೆಯಬೇಕು. ಯಾವ ಹಳ್ಳಿಗೆ ಎಷ್ಟು ಹಣ ಬಂತು, ಗಾಳಿಯಲ್ಲಿ ಧೂಳೆಷ್ಟು, ಹಳ್ಳದಲ್ಲಿ ಹೂಳೆಷ್ಟು ಎಂಬುದನ್ನು ಪ್ರಾಧಿಕಾರ ಪ್ರತಿ ವರ್ಷ ಗ್ರಾಮಸಭೆಯ ಮುಂದೆ ಕನ್ನಡದಲ್ಲಿ ಓದಿ ಹೇಳಬೇಕು. ಮುಂದಿನ ಬಾರಿ ಉತ್ಪಾದನಾ ಮಿತಿ ಏರಿಸುವ ಅರ್ಜಿ ಬಂದಾಗ, ಆ ಗ್ರಾಮಸಭೆಗಳ ನಡಾವಳಿಯನ್ನು ನ್ಯಾಯಾಲಯದ ಮುಂದಿಡುವ ಹೊಣೆ ರಾಜ್ಯ ಸರ್ಕಾರದ್ದು.