ಕಂಡದ್ದನ್ನು ಬರೆದಿಡೋಣ

ಚಳಿಗಾಲದ ಮುಂಜಾವಿನಲ್ಲಿ ಬೆಂಕಿ ಕಾಯಿಸುತ್ತ ಕುಳಿತಾಗ ನಮ್ಮ ಮಾತು ಚಳಿಯಿಂದ ಆರಂಭವಾಗಿ ಕಳೆದ ಮಳೆಗಾಲಗಳತ್ತ ಹೊರಳುವುದು ಸಹಜ. 2021ರ ಜುಲೈನಲ್ಲಿ ಅಣಶಿ ಘಟ್ಟದ ಗುಡ್ಡ ಕುಸಿದು ಜೋಯಿಡಾ–ಕಾರವಾರ ಸಂಚಾರ ಕಡಿದುಹೋಯಿತು. ಅದೇ ದಿನಗಳಲ್ಲಿ ನೆರೆಯ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಮನೆ, ಅಡಿಕೆ ತೋಟಗಳು ಮಣ್ಣುಪಾಲಾದವು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಗೆ ಜರಿದ ಗುಡ್ಡ ಜೀವಗಳನ್ನೇ ಬಲಿ ಪಡೆಯಿತು.

ಕುಸಿಯುವ ಮುನ್ನ ಗುಡ್ಡವು ಅನೇಕ ವೇಳೆ ಸುಳಿವು ನೀಡುತ್ತದೆ: ಇಳಿಜಾರಿನಲ್ಲಿ ಹೊಸ ಬಿರುಕು, ವಾಲಿದ ಮರ, ಒಮ್ಮೆಲೇ ಕೆಂಪಾದ ಒರತೆ. ಮಳೆಮಾಪಕಕ್ಕೆ ಸಿಗದ ಇವು ಅಲ್ಲಿಯೇ ಬಾಳುವವರ ಕಣ್ಣಿಗೆ ಬೀಳುತ್ತವೆ. ಒಂದು ಮನೆಯವರು ಕಂಡದ್ದು ಕೆಳಗಿನ ಮನೆಗೆ ತಲುಪದಿದ್ದರೆ ಕಂಡೂ ಫಲವಿಲ್ಲ.

ಹಳಿಯಾಳ, ಮುಂಡಗೋಡಗಳ ರೈತರು ಬತ್ತಿದ ಕೆರೆಯ ಕಥೆ ಹೇಳಬಲ್ಲರು; ದಾಂಡೇಲಿಯವರು ಕಾಳಿಯ ಏರಿಳಿತವನ್ನು ಬಲ್ಲರು. ಯಾವ ಇಳಿಜಾರು ಬಿರಿಯಿತು, ನೀರು ಎಲ್ಲಿಯವರೆಗೆ ಏರಿತು, ಯಾವ ಕಾಲುಸಂಕ ಕೊಚ್ಚಿಹೋಯಿತು ಎಂಬುದನ್ನು ಈ ಚಳಿಗಾಲದಲ್ಲೇ ಊರೂರಿನಲ್ಲಿ ದಿನಾಂಕಸಹಿತ ಬರೆದಿಡೋಣ. ಗ್ರಾಮಸಭೆಯಲ್ಲಿ ಓದಿ ದಾಖಲಿಸೋಣ. ಮುಂದೆ ಗುಡ್ಡ ಕಡಿಯಲು ಬರುವವರೆದುರು ಆ ದಾಖಲೆಯೇ ನಮ್ಮ ಸಾಕ್ಷಿಯಾಗಲಿ.