ತೋಳಿನ ಹಚ್ಚೆ, ಸೇನೆಯ ಬಾಗಿಲು

ಮಾವಿನ ಸುಗ್ಗಿಯ ದಿನಗಳಲ್ಲಿ ಶ್ರೀನಿವಾಸಪುರದ ಮಂಡಿಯೊಂದರ ಮುಂದೆ ಲಾರಿಗೆ ಕ್ರೇಟು ತುಂಬುತ್ತಿದ್ದ ಯುವಕನೊಬ್ಬ ನನ್ನನ್ನು ಗುರುತಿಸಿ ಮಾತನಾಡಿಸಿದ. ಅವನ ತಂದೆ ನಾನು ಸೇವೆಯಲ್ಲಿದ್ದ ಕಾಲದಿಂದ ಪರಿಚಿತರು. ಹುಡುಗ ಎರಡು ವರ್ಷ ನಸುಕಿನಲ್ಲೆದ್ದು ಓಡಿದವನು. ಸೇನಾ ನೇಮಕಾತಿಯ ಲಿಖಿತ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ರ‍್ಯಾಲಿಯಲ್ಲಿ 1.6 ಕಿಲೋಮೀಟರ್ ಓಟವನ್ನೂ ಮುಗಿಸಿದ್ದ. ವೈದ್ಯಕೀಯ ತಪಾಸಣೆಗೆಂದು ಅಂಗಿ ಬಿಚ್ಚಿದಾಗ ಬಲರಟ್ಟೆಯ ಮೇಲಿದ್ದ ತಾಯಿಯ ಹೆಸರಿನ ಹಚ್ಚೆ ಕಂಡಿತು. ಅಲ್ಲಿಗೆ ಎಲ್ಲವೂ ಮುಗಿಯಿತು. ‘ಒಂದು ಗೇಣು ಕೆಳಗೆ, ಒಳಮಗ್ಗುಲಿಗೆ ಹಾಕಿಸಿದ್ದರೆ ಆಗ್ತಿತ್ತಂತೆ ಸಾರ್. ಜಾತ್ರೇಲಿ ಹಾಕಿಸಿಕೊಂಡಾಗ ಇದೆಲ್ಲ ಯಾರಿಗೆ ಗೊತ್ತಿತ್ತು?’ ಎಂದ.

ಅವನು ಹೇಳಿದ್ದು ನಿಜ. ಭೂಸೇನೆಯ ನಿಯಮದ ಪ್ರಕಾರ ಶಾಶ್ವತ ಹಚ್ಚೆ ಮೊಣಕೈಯಿಂದ ಮಣಿಕಟ್ಟಿನವರೆಗೆ ಮುಂಗೈಯ ಒಳಭಾಗದಲ್ಲಿ ಇರಬಹುದು, ಇಲ್ಲವೇ ಅಂಗೈಯ ಹಿಂಬದಿಯಲ್ಲಿ ಇರಬಹುದು. ಬೇರೆಲ್ಲಿದ್ದರೂ ಅಭ್ಯರ್ಥಿ ಅನರ್ಹ. ನೌಕಾಪಡೆ, ವಾಯುಪಡೆಗಳ ನಿಯಮವೂ ಬಹುಮಟ್ಟಿಗೆ ಇದೇ. ಆದರೆ ಗಡಿ ಭದ್ರತಾ ಪಡೆ, ಕೇಂದ್ರ ಮೀಸಲು ಪೊಲೀಸ್ ಪಡೆ ಮುಂತಾದವುಗಳ ಕಾನ್‌ಸ್ಟೇಬಲ್ ನೇಮಕಾತಿಯಲ್ಲಿ ಮುಂಗೈಯಲ್ಲೂ ಎಡಗೈ ಮಾತ್ರ ಆಗಬಹುದು, ಏಕೆಂದರೆ ಬಲಗೈ ಸೆಲ್ಯೂಟ್ ಹೊಡೆಯುವ ಕೈ. ಧಾರ್ಮಿಕ ಚಿಹ್ನೆಗೆ, ಹೆಸರಿಗೆ ಅಡ್ಡಿಯಿಲ್ಲ. ಗಾತ್ರ ಮಾತ್ರ ಆ ಅಂಗಭಾಗದ ಕಾಲು ಪಾಲಿಗಿಂತ ಕಡಿಮೆ ಇರಬೇಕು. ಹೀಗಾಗಿ ಬಲ ಮುಂಗೈಯ ಒಳಬದಿಯ ಒಂದೇ ಗುರುತು ಸೈನಿಕನಾಗಲು ಅಡ್ಡಿಯಲ್ಲ, ಗಡಿ ಪಡೆಯ ಕಾನ್‌ಸ್ಟೇಬಲ್ ಆಗಲು ಅಡ್ಡಿ!

ಇಂಥ ನಿಯಮವೇ ಬೇಡವೆಂದು ನಾನು ವಾದಿಸುವುದಿಲ್ಲ. ಒಂದೇ ಸೂಜಿಯಲ್ಲಿ ಹತ್ತು ಜನರಿಗೆ ಹಚ್ಚೆ ಚುಚ್ಚುವ ಕಡೆ ಹೆಪಟೈಟಿಸ್, ಎಚ್‌ಐವಿ ಸೋಂಕಿನ ಭಯವಿದೆ. ಸಮವಸ್ತ್ರದ ಏಕರೂಪತೆಗೂ ಅದರದೇ ಆದ ಅರ್ಥವಿದೆ. ನನ್ನ ತಕರಾರು ಇರುವುದು ವಿನಾಯಿತಿಯ ಬಗ್ಗೆ, ಮತ್ತು ನಿಯಮದ ವೆಚ್ಚವನ್ನು ಯಾರ ತಲೆಗೆ ಕಟ್ಟಲಾಗಿದೆ ಎಂಬುದರ ಬಗ್ಗೆ.

ಸರ್ಕಾರ ಘೋಷಿಸಿದ ಬುಡಕಟ್ಟುಗಳಿಗೆ ಸೇರಿದವರ ಮೈಮೇಲೆ ಅವರ ಸಂಪ್ರದಾಯದಂತೆ ಎಲ್ಲಿ ಹಚ್ಚೆಯಿದ್ದರೂ ಸೇನೆ ಒಪ್ಪುತ್ತದೆ. ಉದಾರ ನಿಲುವೇ ಸರಿ. ಆದರೆ ಇಲ್ಲಿ ಸಂಪ್ರದಾಯವನ್ನು ಅಳೆಯುತ್ತಿರುವುದು ಆಚರಣೆಯಿಂದಲ್ಲ, ಪಟ್ಟಿಯಿಂದ. ಕೋಲಾರ ಸೀಮೆಯಲ್ಲಿ ಹಚ್ಚೆಯಿಲ್ಲದ ಅಜ್ಜಿಯರನ್ನು ನನ್ನ ಬಾಲ್ಯದಲ್ಲಿ ಕಂಡದ್ದೇ ಅಪರೂಪ. ಗಲ್ಲದ ಮೇಲೊಂದು ಚುಕ್ಕಿ, ಮುಂಗೈ ಮೇಲೆ ರಂಗೋಲಿಯ ಎಳೆ. ಸತ್ತಾಗ ಜೊತೆಯಲ್ಲಿ ಬರುವ ಒಡವೆ ಇದೊಂದೇ ಎನ್ನುತ್ತಿದ್ದರು. ಬಿದಿರಬುಟ್ಟಿ ಹೊತ್ತು ಊರೂರು ತಿರುಗಿ ಈ ಹಚ್ಚೆ ಹಾಕುತ್ತಿದ್ದವರು ಕೊರಚ, ಕೊರಮ ಸಮುದಾಯಗಳ ಹೆಂಗಸರು. ಕರ್ನಾಟಕದಲ್ಲಿ ಈ ಸಮುದಾಯಗಳು ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿವೆ. ಶ್ರೀನಿವಾಸಪುರ ತಾಲ್ಲೂಕಿನ ಗಡಿ ದಾಟಿ ಮದನಪಲ್ಲಿಯ ಕಡೆಗೆ ಹೋದರೆ, ಇದೇ ಬಳಗದ ಎರುಕಲರು ಆಂಧ್ರದಲ್ಲಿ ಪರಿಶಿಷ್ಟ ಪಂಗಡ. ಮನೆಮಾತು, ಕುಲಕಸುಬು, ನೆಂಟಸ್ತಿಕೆ ಎಲ್ಲವೂ ಗಡಿಯ ಎರಡೂ ಕಡೆ ಹಬ್ಬಿವೆ. ಹಚ್ಚೆಯ ವಿನಾಯಿತಿಯನ್ನು ಕೇಳುವ ಅರ್ಹತೆ ಮಾತ್ರ ಗಡಿಕಲ್ಲಿನ ಬಳಿ ನಿಂತುಬಿಡುತ್ತದೆ. ಪಟ್ಟಿಗಳನ್ನು ಇಟ್ಟುಕೊಂಡೇ ಮೂರು ದಶಕ ಆಡಳಿತ ನಡೆಸಿದವನು ನಾನು. ಪಟ್ಟಿಯಿಲ್ಲದೆ ಸರ್ಕಾರ ನಡೆಯದು ಎಂಬುದು ಗೊತ್ತು. ಆದರೆ ಒಂದು ಉದ್ದೇಶಕ್ಕೆ ಮಾಡಿದ ಪಟ್ಟಿಯನ್ನು ಇನ್ನೊಂದಕ್ಕೆ ಬಳಸಿದಾಗ ಇಂಥ ವಿಪರ್ಯಾಸಗಳು ಹುಟ್ಟುತ್ತವೆ.

ಇದು ಗಂಡುಮಕ್ಕಳ ಪ್ರಶ್ನೆಯಾಗಿಯೂ ಉಳಿದಿಲ್ಲ. ಸೇನಾ ಪೊಲೀಸ್ ದಳಕ್ಕೆ ಮಹಿಳಾ ಸೈನಿಕರ ಆಯ್ಕೆಗಾಗಿ 2019ರ ಆಗಸ್ಟ್‌ನಲ್ಲಿ ಬೆಳಗಾವಿಯಲ್ಲಿ ರ‍್ಯಾಲಿ ನಡೆಯಿತು. 2021ರ ಮೇ ತಿಂಗಳಲ್ಲಿ 83 ಮಂದಿಯ ಮೊದಲ ತಂಡ ಬೆಂಗಳೂರಿನಲ್ಲಿ ತರಬೇತಿ ಮುಗಿಸಿ ಹೊರಬಂತು. ಅಜ್ಜಿಯ ಒತ್ತಾಯಕ್ಕೆ ಗಲ್ಲದ ಮೇಲೆ ಚುಕ್ಕಿ ಹಾಕಿಸಿಕೊಂಡ ಹುಡುಗಿಯೊಬ್ಬಳು ನಾಳೆ ಸಾಲಿನಲ್ಲಿ ಬಂದು ನಿಂತರೆ ಅವಳಿಗೆ ಕೊಡುವ ಉತ್ತರವೇನು? (ನಮ್ಮ ಸೇವಾ ಪುಸ್ತಕಗಳಲ್ಲಿ ‘ದೇಹದ ಗುರುತಿನ ಚಿಹ್ನೆ’ ಎಂಬ ಅಂಕಣವಿತ್ತು. ಮುಂಗೈಯ ಹಚ್ಚೆಯನ್ನು ಅಲ್ಲಿ ನಿಶ್ಚಿಂತೆಯಿಂದ ಬರೆದುಕೊಳ್ಳುತ್ತಿದ್ದೆವು.)

ನ್ಯಾಯಾಲಯಗಳ ಮೆಟ್ಟಿಲೇರಿದವರೂ ಇದ್ದಾರೆ. 2017ರಲ್ಲಿ ಕೈಗಾರಿಕಾ ಭದ್ರತಾ ಪಡೆಯ ಅಭ್ಯರ್ಥಿಯೊಬ್ಬನಿಗೆ, ಅವನು ಬಹುಪಾಲು ಅಳಿಸಿಕೊಂಡಿದ್ದ ಹಚ್ಚೆಯ ವಿಷಯದಲ್ಲಿ, ಮುಂಬೈ ಹೈಕೋರ್ಟ್ ಪರಿಹಾರ ನೀಡಿತು. ಅದೇ ವರ್ಷ ವಾಯುಪಡೆಯ ಅಭ್ಯರ್ಥಿಯೊಬ್ಬನ ನೇಮಕಾತಿ ರದ್ದಾದುದನ್ನು ದೆಹಲಿ ಹೈಕೋರ್ಟ್ ಎತ್ತಿಹಿಡಿಯಿತು. ಅವನ ಹಚ್ಚೆ ವಿನಾಯಿತಿಯ ವ್ಯಾಪ್ತಿಗೆ ಬರುವಂಥದ್ದಾಗಿರಲಿಲ್ಲ. ಹೈಕೋರ್ಟಿನವರೆಗೆ ಹೋಗುವ ಶಕ್ತಿ ಮಂಡಿಯಲ್ಲಿ ಕ್ರೇಟು ಎತ್ತುವವನಿಗೆ ಇರುವುದಿಲ್ಲ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅರ್ಥಶಾಸ್ತ್ರ ಓದಿದವನಿಗೆ ಇಲ್ಲಿ ಇನ್ನೊಂದು ಸಂಗತಿ ಕಾಣುತ್ತದೆ. ಅಮೆರಿಕದ ಭೂಸೇನೆ 2022ರ ಜೂನ್‌ನಲ್ಲಿ ಹಚ್ಚೆಯ ನಿಯಮವನ್ನು ಸಡಿಲಿಸಿ, ಕೈಯ ಮೇಲೆ, ಕತ್ತಿನ ಹಿಂಬದಿಯಲ್ಲಿ ಸಣ್ಣ ಹಚ್ಚೆಗಳಿಗೆ ಅವಕಾಶ ನೀಡಿತು. ಆ ವರ್ಷ ಅದಕ್ಕೆ ಬೇಕಿದ್ದವರು 60 ಸಾವಿರ ಮಂದಿ, ಕೊರತೆಯಾದದ್ದು ಸುಮಾರು 15 ಸಾವಿರ. ಆಳು ಸಿಗದಾದಾಗ ಚರ್ಮದ ಮೇಲಿನ ಬರಹ ಕ್ಷಮ್ಯವಾಗುತ್ತದೆ. ಅದೇ ಜೂನ್‌ನಲ್ಲಿ ನಮ್ಮಲ್ಲಿ ಅಗ್ನಿಪಥ ಯೋಜನೆ ಘೋಷಣೆಯಾಯಿತು. ಗರಿಷ್ಠ ವಯಸ್ಸು 21 ಎಂದಿದ್ದುದನ್ನು, ಬೀದಿಗಳಲ್ಲಿ ಪ್ರತಿಭಟನೆ ಭುಗಿಲೆದ್ದ ಎರಡೇ ದಿನಗಳಲ್ಲಿ, ಆ ಒಂದು ವರ್ಷದ ಮಟ್ಟಿಗೆ 23ಕ್ಕೆ ಏರಿಸಲಾಯಿತು. ಎಂದರೆ ವಿನಾಯಿತಿ ಅಸಾಧ್ಯವೇನಲ್ಲ. ಸೈನಿಕರ ಮಕ್ಕಳಿಗೆ ಎತ್ತರದಲ್ಲಿ ಎರಡು ಸೆಂಟಿಮೀಟರ್ ರಿಯಾಯಿತಿ ಬಹುಕಾಲದಿಂದ ಇದೆ. ಹಚ್ಚೆಯವರ ಪರವಾಗಿ ಬೀದಿಗಿಳಿಯುವವರು ಯಾರೂ ಇಲ್ಲ, ಅಷ್ಟೆ.

ಚಿನ್ನದ ಗಣಿ 2001ರಲ್ಲಿ ಮುಚ್ಚಿದ, ಕೊಳವೆಬಾವಿಗಳು ಪಾತಾಳಕ್ಕಿಳಿದ ಜಿಲ್ಲೆಯಲ್ಲಿ ಸಮವಸ್ತ್ರದ ಕೆಲಸಕ್ಕೆ ಅಭ್ಯರ್ಥಿಗಳ ಬರವಿಲ್ಲ. ಒಬ್ಬನನ್ನು ಕಳಿಸಿದರೆ ಹಿಂದೆ ಇನ್ನೊಬ್ಬನಿದ್ದಾನೆ. ಆದ್ದರಿಂದ ನಿಯಮದ ವಿಷಯ ಹುಡುಗರಿಗೆ ಯಾವಾಗ ತಿಳಿಯುತ್ತದೆ ಎಂಬ ಚಿಂತೆ ಯಾರಿಗೂ ಇಲ್ಲ. 2023ರಿಂದ ಭೂಸೇನೆಯಲ್ಲಿ ಮೊದಲು ಲಿಖಿತ ಪರೀಕ್ಷೆ, ಬಳಿಕ ರ‍್ಯಾಲಿ, ಅನಂತರ ವೈದ್ಯಕೀಯ ತಪಾಸಣೆ. ಎರಡು ವರ್ಷದ ಶ್ರಮ ಸುರಿದ ಮೇಲೆ, ಕೊನೆಯ ಬಾಗಿಲಿನಲ್ಲಿ ರಟ್ಟೆ ತೋರಿಸಬೇಕು. ವಾಯುಪಡೆ ಹಚ್ಚೆಯ ಎರಡು ಛಾಯಾಚಿತ್ರಗಳನ್ನು, ಹತ್ತಿರದಿಂದ ಒಂದು, ದೂರದಿಂದ ಒಂದು, ಅಳತೆಯ ವಿವರದೊಂದಿಗೆ ಕೇಳುತ್ತದೆ. ಅಂಥವನ್ನು ಎಲ್ಲ ಪಡೆಗಳೂ ಅರ್ಜಿಯ ಹಂತದಲ್ಲೇ ಪಡೆದು, ಅಲ್ಲೇ ಉತ್ತರ ಹೇಳಿದರೆ ಖರ್ಚೇನೂ ಹೆಚ್ಚದು. ಅಳಿಸಿಕೊಳ್ಳಲು ಒಪ್ಪುವವನಿಗೆ ಅಷ್ಟು ಕಾಲಾವಕಾಶವಾದರೂ ಸಿಗುತ್ತದೆ. ಪ್ರೌಢಶಾಲೆಯ ಸೂಚನಾ ಫಲಕದಲ್ಲಿ, ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಕನ್ನಡದಲ್ಲಿ ನಾಲ್ಕು ಸಾಲು ಬರೆಸುವುದು ಜಿಲ್ಲಾಡಳಿತಕ್ಕೆ ಒಂದು ದಿನದ ಕೆಲಸ. ಇನ್ನು ಸಂಪ್ರದಾಯದ ಹಚ್ಚೆಯ ವಿಷಯವನ್ನು ಜಾತಿಪಟ್ಟಿಗೆ ಬಿಡದೆ, ಆಯಾ ಸೀಮೆಯ ಆಚರಣೆಯನ್ನು ನೋಡಿ ಆಯ್ಕೆ ಕೇಂದ್ರದ ಅಧಿಕಾರಿಯೇ ತೀರ್ಮಾನಿಸುವಂತಾಗಬೇಕು.

ಹುಡುಗ ಲೇಸರ್ ಚಿಕಿತ್ಸೆಯನ್ನು ವಿಚಾರಿಸಿಕೊಂಡು ಬಂದಿದ್ದಾನೆ. ಒಂದೇ ಸಲಕ್ಕೆ ಹೋಗುವಂಥದ್ದಲ್ಲ, ವಾರಗಟ್ಟಲೆ ಅಂತರದಲ್ಲಿ ಹಲವು ಸಲ ಬೆಂಗಳೂರಿಗೆ ಓಡಾಡಬೇಕು. ಅಷ್ಟರಲ್ಲಿ ವಯೋಮಿತಿ ದಾಟಿರುತ್ತದೆ. ತಾಯಿಗೆ ಈ ವಿಷಯವನ್ನು ಅವನು ಇನ್ನೂ ಹೇಳಿಲ್ಲವಂತೆ. ಓಟದಲ್ಲಿ ಹಿಂದೆ ಬಿದ್ದೆ ಎಂದಷ್ಟೇ ಆಕೆಗೆ ಗೊತ್ತು.